ಎರಡು ಕಡೆ ಚಿಲಕ

ಜನವರಿ 12

ಅಪ್ಪಾ,

ತಲುಪಿದೆ. ಪೆಟ್ಟಿಗೆಯ ಹಿಡಿ ಬಸ್ಸಿನಲ್ಲೇ ಕಿತ್ತುಬಂತು. ಅದೊಂದು ಬಿಟ್ಟರೆ ನಾನೂ ನನ್ನ ಸಾಮಾನೂ ಸರಿಯಾಗಿದ್ದೇವೆ. ಅಂಗಡಿಯ ಫೋನಿಗೆ ಮಾಡಿದರೆ ನಿಮ್ಮ ಗಿರಾಕಿಗಳು ಮುಖದ ತುಂಬ ನೊರೆ ಹೊತ್ತುಕೊಂಡೇ ಕಿವಿ ನೆಟ್ಟಗೆ ಮಾಡುತ್ತಾರೆ. ನೀವು "ಹೂಂ, ಹೂಂ, ಸರಿ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಪತ್ರ. ಪತ್ರವಾದರೆ ನೀವು ನಡುವೆ ಇಟ್ಟುಬಿಡುವಂತಿಲ್ಲ.

"ವಿಮಾ ಕಂಪನೀಲಿ ದೂರು ಕೇಳೋಕೆ ಸಂಬಳ ಕೊಡ್ತಿದ್ರು, ಈಗ ಅರ್ಧ ಸಂಬಳಕ್ಕೆ ಊರವರ ಜಗಳ ಕೇಳೋಕೆ ಹೊರಟಿದ್ದಾಳೆ" ಎಂದು ನೀವು ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿದೆ. ನನ್ನ ಹತ್ತಿರ ಮಾತ್ರ ಬಸ್ಸು ಹೊರಡುವವರೆಗೂ ಒಂದು ಮಾತಾಡಲಿಲ್ಲ. ಬೇಜಾರಾಯಿತು.

ನಾನು ಸೇರಿದ ಶಾಂತಿ ಕೇಂದ್ರ ನಡೆಸುವ ಈ ಕ್ವೇಕರ್ ಅನ್ನುವವರು ಯಾರು ಎಂದು ಅಮ್ಮ ಕೇಳಿದ್ದಳು. ಕ್ರೈಸ್ತರಲ್ಲೇ ಒಂದು ಸಣ್ಣ ಪಂಥ. ತಮ್ಮತಮ್ಮಲ್ಲಿ ಅವರು 'ಸ್ನೇಹಿತರು' ಎಂದು ಕರೆದುಕೊಳ್ಳುತ್ತಾರೆ. ಯಾರು ಹೇಳಿದರೂ ಯುದ್ಧಕ್ಕೆ ಹೋಗುವವರಲ್ಲ. ಇಲ್ಲಿನವರಿಗೆ ಉಪದೇಶ ಮಾಡುವ ಗುರುವೂ ಇಲ್ಲ. ವಾರಕ್ಕೊಮ್ಮೆ ದುಂಡಗೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಆಡುತ್ತಾರೆ, ಬಾರದಿದ್ದರೆ ಇಲ್ಲ. ನಮ್ಮ ಶಾಂತಿ ಕೇಂದ್ರ ಇರುವುದು ಹಳೆಯ ಮುದ್ರಣಾಲಯದ ಮಹಡಿಯಲ್ಲಿ. ಮೆಟ್ಟಿಲಿಗೆಲ್ಲ ಇನ್ನೂ ಶಾಯಿಯ ವಾಸನೆ. ಒಂದು ಕುರ್ಚಿಯಂತೆ ಇನ್ನೊಂದಿಲ್ಲ. ಮೊದಲ ದಿನ ಆ ಮೌನದಲ್ಲಿ ನನ್ನ ಹೊಟ್ಟೆ ಗುರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ನಾನು ಅವರ ಪಂಥಕ್ಕೆ ಸೇರಿದವಳಲ್ಲ, ಬರೀ ಕೆಲಸದವಳು. ಆದರೂ ಕೂರಬೇಕು ಅನ್ನಿಸುತ್ತದೆ.

ಇಲ್ಲಿ ಯಜಮಾನರಿಲ್ಲ, ಒಬ್ಬರು ಕ್ಲರ್ಕ್ ಇದ್ದಾರೆ. ಎಪ್ಪತ್ತು ದಾಟಿದ ಹೆಂಗಸು, ಎಲ್ಲರ ಬಾಯಲ್ಲೂ ಕ್ಲರ್ಕಮ್ಮ. ಯಾವುದಕ್ಕೂ ಮತ ಹಾಕುವುದಿಲ್ಲ. ಎಲ್ಲರೂ ಮಾತಾಡಿ ಮುಗಿಸಿ ಸುಮ್ಮನಾದ ಮೇಲೆ, ಸಭೆಯ ಮನಸ್ಸಿನಲ್ಲಿ ಏನಿದೆ ಎಂದು ಕ್ಲರ್ಕಮ್ಮ ಅಲ್ಲೇ ಬರೆದು ಓದುತ್ತಾರೆ. ಎಲ್ಲರಿಗೂ ಒಪ್ಪಿಗೆಯಾದರೆ ಅದೇ ತೀರ್ಮಾನ. ಒಬ್ಬರಿಗೆ ಸರಿಬರದಿದ್ದರೂ ಮತ್ತೆ ಕೂರಬೇಕು. 

ನನಗೆ ಕೊಟ್ಟ ಕೆಲಸ ಒಂದು ಗೇಟು. ಮೇಲಿನ ಬೀದಿ ಮತ್ತು ಕೆಳಗಿನ ಬೀದಿಯ ನಡುವೆ ಹಳೇ ಕಾರ್ಖಾನೆಯ ಗೋಡೆ ಇದೆ, ಗೋಡೆಯ ನಡುವೆ ಕಬ್ಬಿಣದ ಗೇಟು. ಮೂರು ವರ್ಷದ ಹಿಂದೆ ಎರಡು ಬೀದಿಯವರ ನಡುವೆ ದೊಡ್ಡ ಗಲಾಟೆಯಾಗಿ ಅಂಗಡಿಗಳು ಸುಟ್ಟವು. ಅಂದು ಯಾರೋ ಗೇಟಿಗೆ ವೆಲ್ಡಿಂಗ್ ಮಾಡಿಬಿಟ್ಟರು. ಅಂದಿನಿಂದ ತೆರೆದಿಲ್ಲ. ಚಿಕಿತ್ಸಾಲಯ ಮೇಲಿನ ಬೀದಿಯಲ್ಲಿ, ಶಾಲೆ ಕೆಳಗಿನ ಬೀದಿಯಲ್ಲಿ. ಕೆಳಗೆ ಇಸ್ತ್ರಿ ಅಂಗಡಿಯ ಅಕ್ಕನೊಬ್ಬರಿದ್ದಾರೆ. ಅವರ ಅತ್ತೆಯ ಕಾಲಿನ ಹುಣ್ಣಿಗೆ ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಬೇಕು. ಅಜ್ಜಿಯ ಕಿಟಕಿಯಿಂದ ಚಿಕಿತ್ಸಾಲಯದ ಬಾಗಿಲು ಕಾಣುತ್ತದೆ. ಹೋಗುವುದಕ್ಕೆ ಮಾತ್ರ ಎರಡು ಬಸ್ಸು ಹಿಡಿದು ಊರು ಸುತ್ತಬೇಕು. ಈ ಗೇಟು ತೆರೆಸಬೇಕು, ಅಷ್ಟೇ. ಜೂನ್ ಮುಗಿಯುವುದರೊಳಗೆ ಏನೂ ಆಗದಿದ್ದರೆ ಹಣ ಕೊಡುವ ಸಮಿತಿ ಈ ಕೇಂದ್ರವನ್ನೇ ಮುಚ್ಚುತ್ತದಂತೆ.

ಅಮ್ಮನಿಗೆ ಹೇಳಿ, ಹೊದಿಕೆ ಬೆಚ್ಚಗಿದೆ.

ನಿಮ್ಮ
ಮಾತಿನಮಲ್ಲಿ


ಜನವರಿ 25

ಮಾತಿನಮಲ್ಲೀ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಿಮ್ಮಮ್ಮ ನಾಲ್ಕು ಸಲ ಓದಿಸಿಕೊಂಡಳು. ಅವಳಿಗೆ ಅರ್ಥವಾದದ್ದು ಹೊದಿಕೆ ಬೆಚ್ಚಗಿದೆ ಅನ್ನುವುದೊಂದೇ, ಅದರಲ್ಲೇ ಸಮಾಧಾನ.

ಹುಟ್ಟಿದಾಗಿನಿಂದ ಬಾಯಿಗೆ ಬೀಗವಿಲ್ಲದ ಹುಡುಗಿ, ಒಂದು ಗಂಟೆ ಸುಮ್ಮನೆ ಕೂರುವ ಕೆಲಸಕ್ಕೆ ಸೇರಿದ್ದಾಳೆ ಎಂದು ಗಿರಾಕಿಗಳಿಗೆ ಹೇಳಿದೆ. ಪೋಸ್ಟ್‌ಮ್ಯಾನ್ ನಕ್ಕು ನಕ್ಕು ಅಲುಗಾಡಿ ಕಿವಿಯ ಹತ್ತಿರ ಗಾಯ ಮಾಡಿಕೊಂಡ. ಯಜಮಾನರಿಲ್ಲದ, ಕ್ಲರ್ಕ್ ಇರುವ ಕಚೇರಿ ಎಂದರೆ ಅವನು ನಂಬುತ್ತಿಲ್ಲ. ಸರ್ಕಾರಿ ಕಚೇರಿಯೂ ಹಾಗೇ ನಡೆಯುವುದು ಅನ್ನುತ್ತಾನೆ.

ಬಸ್ ನಿಲ್ದಾಣದಲ್ಲಿ ನಾನು ಮಾತಾಡಲಿಲ್ಲ ಅಂದೆಯಲ್ಲ. ಏನು ಮಾತಾಡಲಿ? ಪೆಟ್ಟಿಗೆಯ ಹಿಡಿ ಸಡಿಲವಾಗಿದೆ ಎಂದು ಹೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ಬಸ್ಸು ಹೊರಟಿತು.

ಅಂಗಡಿ ಚೆನ್ನಾಗಿದೆ. ನನ್ನ ತಲೆ ಚೆನ್ನಾಗಿಲ್ಲ. ನಿಮ್ಮಮ್ಮ ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ನನ್ನ ಕೂದಲು ಕತ್ತರಿಸುತ್ತಾಳೆ. ಕನ್ನಡಿಯಲ್ಲಿ ನೋಡಿಕೊಂಡರೆ ಮೇಕೆ ಮೇಯ್ದ ಬೇಲಿ ನೆನಪಾಗುತ್ತದೆ. ಕ್ಷೌರಿಕನ ತಲೆ ಹೀಗಿದ್ದರೆ ಗಿರಾಕಿ ಒಳಗೆ ಬರಲು ಹೆದರುತ್ತಾನೆ, ಆದ್ದರಿಂದ ಟೋಪಿ ಹಾಕಿಕೊಂಡಿದ್ದೇನೆ.

ಹುಷಾರು. ಗೋಡೆ ಕಟ್ಟಿದವರಿಗಿಂತ ಕೆಡವಲು ಬಂದವರಿಗೇ ಹೆಚ್ಚು ಪೆಟ್ಟು ಬೀಳುವುದು.

ಅಪ್ಪ


ಫೆಬ್ರವರಿ 20

ಅಪ್ಪಾ,

ಪೆಟ್ಟು ಬಿದ್ದಿಲ್ಲ. ಬಯ್ಗುಳ ಬಿದ್ದಿದೆ. ಮೇಲಿನ ಬೀದಿಯವರಿಗೆ ನಾನು ಕೆಳಗಿನವರ ಕಡೆಯವಳು, ಕೆಳಗಿನವರಿಗೆ ಮೇಲಿನವರ ಗೂಢಚಾರಿಣಿ. ಎರಡೂ ಕಡೆ ಟೀ ಕೊಡುತ್ತಾರೆ, ಯಾರೂ ಕೂರಿ ಅನ್ನುವುದಿಲ್ಲ. ನಿಂತೇ ಕುಡಿಯುತ್ತೇನೆ.

ಆದರೆ ಕೆಲಸ ಕೈಗೆ ಹತ್ತುತ್ತಿದೆ. ಶಾಲೆಯಲ್ಲಿ ವಾರಕ್ಕೊಂದು ತರಗತಿ ತೆಗೆದುಕೊಳ್ಳುತ್ತೇನೆ. ಜಗಳವಾದಾಗ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮೊದಲು ತಿರುಗಿ ಹೇಳಬೇಕು, ಆಮೇಲೆ ತಮ್ಮ ಉತ್ತರ ಕೊಡಬೇಕು. ಇದೇ ಪಾಠ. ಮಕ್ಕಳಿಗೆ ಇದು ಆಟ. ಮೊನ್ನೆ ಇಬ್ಬರು ಮನೆಗೆ ಹೋಗಿ ಅಪ್ಪ ಅಮ್ಮನ ಜಗಳದಲ್ಲೂ ಇದನ್ನೇ ಮಾಡಿಸಲು ನೋಡಿ ಏಟು ತಿಂದರಂತೆ. ಚರಂಡಿಯ ವಿಚಾರದಲ್ಲಿ ಕಚ್ಚಾಡುತ್ತಿದ್ದ ಎರಡು ಮನೆಯವರನ್ನು ಕೂರಿಸಿ ನಾನೇ ರಾಜಿ ಮಾಡಿಸಿದೆ. ರಾಜಿಯಾದ ಮೇಲೆ ಇಬ್ಬರೂ ಸೇರಿ ನನ್ನನ್ನು ಬಯ್ದರು. ಕ್ಲರ್ಕಮ್ಮ ಹೇಳುತ್ತಾರೆ, "ಒಳ್ಳೇದೇ ಆಯ್ತಲ್ಲಮ್ಮ, ಕೊನೆಗೂ ಒಂದು ವಿಷಯದಲ್ಲಿ ಒಟ್ಟಾದ್ರು."

ಮೇಲಿನ ಬೀದಿಯಲ್ಲಿ ಒಬ್ಬ ಬೇಕರಿಯವರು ಇದ್ದಾರೆ. ಗಲಾಟೆಯಲ್ಲಿ ಸುಟ್ಟದ್ದು ಅವರದೇ ಅಂಗಡಿ, ಮತ್ತೆ ಕಟ್ಟಿದ್ದಾರೆ. ಕೆಳಗೆ ಒಬ್ಬ ವೆಲ್ಡರ್. ಗೇಟಿಗೆ ವೆಲ್ಡಿಂಗ್ ಮಾಡಿದವರು ಅವರೇ ಎಂದು ಈಗ ಗೊತ್ತಾಯಿತು. ಹಿಂದೆ ಇಬ್ಬರೂ ಭಾರಿ ಸ್ನೇಹಿತರಂತೆ. ಬೇಕರಿಯ ಒಲೆಯ ಬಾಗಿಲು ಮಾಡಿಕೊಟ್ಟವರು ಆ ವೆಲ್ಡರೇ. ಈಗ ಒಬ್ಬರ ಹೆಸರು ಎತ್ತಿದರೆ ಇನ್ನೊಬ್ಬರು ಹಿಟ್ಟಿನ ಲೆಕ್ಕವೋ ಕಬ್ಬಿಣದ ಲೆಕ್ಕವೋ ಮಾತಾಡಲು ಶುರುಮಾಡುತ್ತಾರೆ. ನನಗೆ ನಮ್ಮ ಅಂಗಡಿಯಲ್ಲಿ ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಎರಡನೇ ಕುರ್ಚಿ ನೆನಪಾಯಿತು. ಚಿಕ್ಕಪ್ಪ ಹೇಗಿದ್ದಾರೆ? ಇನ್ನೂ ಬಸ್ ನಿಲ್ದಾಣದ ಸಲೂನಿನಲ್ಲೇ ಇದ್ದಾರಾ? ಪ್ರತಿ ತಿಂಗಳ ಮೊದಲ ಭಾನುವಾರ ನೀವಿಬ್ಬರೂ ಒಬ್ಬರ ತಲೆ ಒಬ್ಬರು ಕತ್ತರಿಸುತ್ತಿದ್ದಿರಿ. ನಾನು ನೆಲದ ಮೇಲೆ ಬಿದ್ದ ಕೂದಲಿನಲ್ಲಿ ಯಾರದ್ದು ಯಾವುದು ಎಂದು ಬೇರೆ ಮಾಡುತ್ತಿದ್ದೆ.

ಮಾತಿನಮಲ್ಲಿ


ಮಾರ್ಚ್ 8

ಮಾತಿನಮಲ್ಲೀ,

ಇಲ್ಲಿ ಬಿಸಿಲು ಜೋರು. ಅಂಗಡಿಯ ಫ್ಯಾನು ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟೆ. ನೀರಿನ ಡ್ರಮ್ಮಿನ ಕೆಳಗೆ ತೂತಾಗಿತ್ತು, ತೇಪೆ ಹಾಕಿಸಿದೆ. ಪೋಸ್ಟ್‌ಮ್ಯಾನನ ಮಗಳಿಗೆ ಮದುವೆ ಗೊತ್ತಾಯಿತು. ನಿಮ್ಮಮ್ಮನಿಗೆ ಹೊಸ ಕನ್ನಡಕ ಬಂದಿದೆ, ಈಗ ನನ್ನ ತಲೆಯನ್ನು ಇನ್ನೂ ಧೈರ್ಯವಾಗಿ ಕತ್ತರಿಸುತ್ತಾಳೆ.

ನಿನ್ನ ಕೆಲಸಕ್ಕೆ ನನ್ನದೊಂದು ಸಲಹೆ. ಜನರನ್ನು ಸುಮ್ಮನೆ ಕೂರಿಸಬೇಡ. ಮಾತಾಡಿಸು, ನಗಿಸು. ನಗುವವನ ಕೈಯಲ್ಲಿ ಕಲ್ಲು ನಿಲ್ಲುವುದಿಲ್ಲ. ಮೂವತ್ತು ವರ್ಷದಿಂದ ನನ್ನ ಅಂಗಡಿಯಲ್ಲಿ ಯಾರೂ ಹೊಡೆದಾಡಿಲ್ಲ.

ಎರಡನೇ ಕುರ್ಚಿಯ ಮೇಲೆ ಪತ್ರಿಕೆ ಜೋಡಿಸಿಟ್ಟಿದ್ದೇನೆ. ಅನುಕೂಲವಾಗಿದೆ.

ಅಪ್ಪ


ಮಾರ್ಚ್ 29

ಅಪ್ಪಾ,

ಬೆಳಗಾಗುವ ಮೊದಲೇ ಎದ್ದು ಬರೆಯಲು ಕೂತಿದ್ದೇನೆ. ಸಂತೋಷಕ್ಕೆ.

ನಿನ್ನೆ ಶಾಲೆಯ ಸಭಾಂಗಣದಲ್ಲಿ ಎರಡೂ ಬೀದಿಯವರು ಒಂದೇ ಸೂರಿನ ಕೆಳಗೆ ಕೂತರು. ಮೂರು ವರ್ಷದಲ್ಲಿ ಇದೇ ಮೊದಲು. ಬೇಕರಿಯವರು ಬಂದರು, ವೆಲ್ಡರ್ ಬಂದರು, ಇಸ್ತ್ರಿ ಅಕ್ಕ ಅತ್ತೆಯನ್ನೂ ಕರೆತಂದರು. ನಿಮ್ಮ ಸಲಹೆಯಂತೆ ನಾನು ಮೊದಲು ನಿಮ್ಮವೇ ಒಂದೆರಡು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಆಮೇಲೆ ನಮ್ಮ ಪದ್ಧತಿಯಂತೆ ಎಲ್ಲರೂ ಸುಮ್ಮನೆ ಕೂತೆವು. ಎಂಥ ಮೌನ ಅಂತೀರಿ. ಸಣ್ಣ ಮಕ್ಕಳೂ ಮಿಸುಕಲಿಲ್ಲ. ಕ್ಲರ್ಕಮ್ಮ ಬಹಳ ಹೊತ್ತು ಕಾದು, ಬರೆದು, ಎದ್ದು ಓದಿದರು: ಬರುವ ಸೋಮವಾರ ಗೇಟು ತೆರೆಯುವುದೆಂದು ಈ ಸಭೆಗೆ ಅನಿಸಿದೆ. ಯಾರಿಗಾದರೂ ಬೇರೆ ಅನಿಸಿದೆಯೇ ಎಂದು ಕೇಳಿದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಮತ್ತೊಮ್ಮೆ ಕೇಳಿದರು. ಅದೇ ಮೌನ. ನಮ್ಮ ಸ್ನೇಹಿತರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ನಾನೂ.

ಗೇಟಿನ ಬೆಸುಗೆ ಕತ್ತರಿಸಲು ಪಕ್ಕದ ಊರಿನಿಂದ ಒಬ್ಬರನ್ನು ಕರೆಸಿದ್ದೇವೆ. ಸಮಿತಿಗೆ ವರದಿಯನ್ನೂ ನಾನೇ ಕಳಿಸಿದೆ, 'ಸಂಪೂರ್ಣ ಒಮ್ಮತ' ಎಂದು ಬರೆದೆ. ಅಪ್ಪಾ, ಅರ್ಧ ಸಂಬಳಕ್ಕೆ ಬಂದದ್ದು ಸಾರ್ಥಕವಾಯಿತು.

ಮಾತಿನಮಲ್ಲಿ


ಏಪ್ರಿಲ್ 4

ಅಪ್ಪಾ,

ಸೋಮವಾರ ಗೇಟು ತೆರೆದೆವು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ವೆಲ್ಡಿಂಗ್ ಆಗಿದೆ. ಮೊದಲಿಗಿಂತ ದಪ್ಪಗೆ, ಅಡ್ಡಕ್ಕೆ ಎರಡು ಕಬ್ಬಿಣದ ಪಟ್ಟಿ ಬೇರೆ.

ಇಸ್ತ್ರಿ ಅಕ್ಕನ ಅತ್ತೆ ಅಂದು ಬೆಳಿಗ್ಗೆ ಗೇಟು ದಾಟಿ, ನಡೆದೇ ಹೋಗಿ ಪಟ್ಟಿ ಕಟ್ಟಿಸಿಕೊಂಡಿದ್ದರು. ವಾಪಸು ಬರುವಾಗ ಗೇಟಿನ ಆ ಕಡೆ ನಿಂತು ಕೂಗಿದರಂತೆ. ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳಿಸಿಲ್ಲ. ಸಂಜೆ ನಾನು ಹೋದಾಗ ಅಕ್ಕ ಇಸ್ತ್ರಿ ಪೆಟ್ಟಿಗೆಯಿಂದ ಕೈ ಎತ್ತದೇ ಕೇಳಿದರು, "ಯಾರನ್ನ ಕೇಳಿ ತೆಗೆದ್ರಿ?" ನಿಮ್ಮನ್ನೇ ಕೇಳಿದ್ದೆವಲ್ಲ, ಎರಡು ಸಲ ಕೇಳಿದೆವಲ್ಲ ಅನ್ನಬೇಕು ಅನ್ನಿಸಿತು. ಬಾಗಿಲಲ್ಲೇ ತಿರುಗಿ ಬಂದೆ.

ಇವತ್ತು ಇಷ್ಟೇ.


ಏಪ್ರಿಲ್ 6

ನನ್ನ ಮಾತಿನಮಲ್ಲೀ,

ಮಾರ್ಚ್ 29ರ ಪತ್ರ ಇವತ್ತು ಕೈಸೇರಿತು. ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಪೋಸ್ಟ್‌ಮ್ಯಾನ್ ಚಪ್ಪಾಳೆ ತಟ್ಟಿದ. ಇವತ್ತು ಬಂದವರಿಗೆಲ್ಲ ಗಡ್ಡ ಪುಕ್ಕಟೆ ಎಂದು ಹೇಳಿಬಿಟ್ಟೆ. ನಿಮ್ಮಮ್ಮನಿಗೆ ವಿಷಯ ಗೊತ್ತಾಗುವಷ್ಟರಲ್ಲಿ ಬಾಗಿಲ ಹೊರಗೆ ಸಾಲು ನಿಂತಿತ್ತು.

ಅರ್ಧ ಸಂಬಳದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ನನ್ನ ತಮಾಷೆಗೆ ಯಾರೂ ನಗಲಿಲ್ಲ ಅನ್ನುವುದನ್ನು ನಂಬುವುದಿಲ್ಲ. ನೀನು ಹೇಳಿದ ರೀತಿ ಸರಿಯಿಲ್ಲದಿರಬೇಕು.

ಹೆಮ್ಮೆಯಿಂದ,
ಅಪ್ಪ


ಏಪ್ರಿಲ್ 11

ಮಗಳೇ,

ಏಪ್ರಿಲ್ 4ರದ್ದು ಸಿಕ್ಕಿತು. ಅಷ್ಟರಲ್ಲಿ ನನ್ನ ಚಪ್ಪಾಳೆಯ ಪತ್ರ ನಿನಗೆ ತಲುಪಿರುತ್ತದೆ. ಅದನ್ನು ಹರಿದುಹಾಕು.

ಪತ್ರದ ಕೊನೆಯಲ್ಲಿ ನಿನ್ನ ಹೆಸರನ್ನೂ ಬರೆದಿರಲಿಲ್ಲ. ನಿಮ್ಮಮ್ಮ ಅದನ್ನೇ ನೋಡಿ ಅತ್ತಳು. ವಾಪಸು ಬಾ ಎಂದು ಬರೆಯಿರಿ ಅಂದಳು. ಬರೆಯಲು ಕೂತೆ, ಆಗಲಿಲ್ಲ. ಬರುವುದಾದರೆ ಬಾ, ನಿನ್ನ ಮಂಚ ಹಾಗೇ ಇದೆ. ಇರುವುದಾದರೆ ಇರು.

ನನ್ನ ಅಂಗಡಿಯ ಒಂದು ಮಾತು ಹೇಳುತ್ತೇನೆ. ಕ್ಷೌರ ಮುಗಿದ ಮೇಲೆ ಹಿಂದೆ ಕನ್ನಡಿ ಹಿಡಿದು "ಹೇಗಿದೆ" ಅನ್ನುತ್ತೇನೆ. ಗಿರಾಕಿ ತಲೆಯಾಡಿಸಿ ಹೋಗುತ್ತಾನೆ. ಅವನು ಮತ್ತೆ ಬರದಿದ್ದರೆ ಪಾಪ, ಊರು ಬಿಟ್ಟಿರಬೇಕು ಅಂದುಕೊಳ್ಳುತ್ತಿದ್ದೆ. ನಿನ್ನ ಪತ್ರ ಓದಿದ ಮೇಲೆ, ಊರು ಬಿಟ್ಟರು ಎಂದು ನಾನು ಅಂದುಕೊಂಡ ಮೂರು ಜನರನ್ನು ಮಾರುಕಟ್ಟೆಯಲ್ಲಿ ನೋಡಿದೆ. ಮೂವರ ಕೂದಲೂ ಚೆನ್ನಾಗಿತ್ತು.

ಊಟ ಬಿಡಬೇಡ.

ಅಪ್ಪ


ಮೇ 10

ಅಪ್ಪಾ,

ತಡವಾಯಿತು, ಕ್ಷಮಿಸಿ. ನೀವು ಹರಿದುಹಾಕು ಅಂದ ಪತ್ರವನ್ನು ಹರಿದಿಲ್ಲ. ಪುಕ್ಕಟೆ ಗಡ್ಡದ ಸಾಲನ್ನು ಓದಿದಾಗ ಈ ತಿಂಗಳಲ್ಲಿ ಮೊದಲ ಸಲ ನಕ್ಕೆ.

ಕ್ಲರ್ಕಮ್ಮ ನನ್ನನ್ನು ಬಯ್ಯಲಿಲ್ಲ. ನಾವೆಲ್ಲ ಸೇರಿ ಮತ್ತೆ ಕೂತೆವು, ಆಮೇಲೆ ಅವರು ಬರೆದು ಓದಿದ್ದು ಎರಡೇ ಸಾಲು. 'ನಮಗೆ ಮೌನವೆಂದರೆ ಒಪ್ಪಿಗೆ. ಅವರಿಗೂ ಹಾಗೇ ಎಂದು ತಿಳಿದದ್ದು ನಮ್ಮ ತಪ್ಪು.' ಆ ಕಾಗದವನ್ನು ಎರಡೂ ಬೀದಿಯ ಅಂಗಡಿಗಳಲ್ಲಿ ಅಂಟಿಸಿ ಬಂದೆವು. ಸಮಿತಿಗೂ ಅದನ್ನೇ ಕಳಿಸಿದೆವು. ಅಂಟಿಸುವಾಗ ಕೈಗೆ ಗೋಂದು, ಮುಖಕ್ಕೆ ನಾಚಿಕೆ.

ಆಮೇಲೆ ಮನೆಮನೆಗೆ ಹೋದೆ. ಅಂದು ಯಾಕೆ ಸುಮ್ಮನಿದ್ದಿರಿ ಎಂದಷ್ಟೇ ಕೇಳಿದೆ. ಈ ಸಲ ಕೂರಿ ಅಂದರು. ತಪ್ಪಾಯಿತು ಎಂದು ಬಾಗಿಲಿಗೆ ಬಂದವರನ್ನು ನಿಲ್ಲಿಸುವುದು ಕಷ್ಟವೇನೋ. ಒಬ್ಬರು ಹೇಳಿದರು, "ನೀವೆಲ್ಲ ಕಣ್ಣು ಮುಚ್ಚಿದ್ರಿ, ಪ್ರಾರ್ಥನೆ ನಡುವೆ ಹೆಂಗಮ್ಮ ಮಾತಾಡೋದು?" ಇನ್ನೊಬ್ಬರು ಎದುರಿನವರೇ ಮೊದಲು ಬೇಡ ಅನ್ನಲಿ ಎಂದು ಕಾದರಂತೆ. ಎದುರಿನವರೂ ಅದನ್ನೇ ಕಾದಿದ್ದಾರೆ. ಬೇಕರಿಯವರು ಹೇಳಿದ್ದು, "ನಾನು ಬೇಡ ಅಂದ್ರೆ ಹಳೇ ಸಿಟ್ಟು ಅಂತಾರೆ, ಬೇಕು ಅಂದ್ರೆ ನಮ್ಮೋರು ಹಲ್ಲು ಕಡೀತಾರೆ. ಬಾಯಿ ಮುಚ್ಕೊಂಡು ಮನೆಗೆ ಬಂದೆ."

ಕೊನೆಗೆ ವೆಲ್ಡರ್ ಹತ್ತಿರ ಹೋದೆ. ಕಾಲು ಎಳೆಯುತ್ತಲೇ ಹೋದೆ. ಅವರು ಒಂದು ಕಿಟಕಿಯ ಸರಳಿಗೆ ಕೆಲಸ ಮಾಡುತ್ತಿದ್ದರು, ಮುಗಿಸುವವರೆಗೆ ನೋಡಲಿಲ್ಲ. ಆಮೇಲೆ ಮುಖಕವಚ ಎತ್ತಿ, "ನೀವು ಅವತ್ತು ಓದಿದ್ರಿ. ಕೇಳಲಿಲ್ಲ" ಅಂದರು.

ಈಗ ಕೇಳುತ್ತಿದ್ದೇನೆ ಎಂದೆ.

ಗಲಾಟೆಯ ದಿನ ಗುಂಪು ಆ ಗೇಟಿನಿಂದಲೇ ಕೆಳಗೆ ಇಳಿಯುತ್ತಿತ್ತಂತೆ. ಶಾಲೆಯಲ್ಲಿ ಮಕ್ಕಳು ಇದ್ದರು. ಅವರು ಒಬ್ಬರೇ ಗೇಟು ಎಳೆದು, ಮಷೀನು ತಂದು ಬೆಸುಗೆ ಹಾಕಿದರು. ಆ ಕಡೆಯಿಂದ ಕಲ್ಲು ಬೀಳುತ್ತಿತ್ತು. ಗೇಟಿನ ಸಂದಿಯಲ್ಲಿ ಬೇಕರಿಯಿಂದ ಹೊಗೆ ಏಳುವುದು ಕಾಣುತ್ತಿತ್ತು. ಆ ಕಡೆಗೆ ಹೋಗಲು ಅವರಿಗೆ ಆಗಲಿಲ್ಲ. "ನನ್ನ ಜೀವಮಾನದಲ್ಲಿ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅದು. ನೀವು ಅದನ್ನ ತಪ್ಪು ಅನ್ನೋ ಹಂಗೆ ಬೇರೆ ಊರವನ್ನ ಕರೆಸಿ ಕತ್ತರಿಸಿಬಿಟ್ರಿ." ಮುಖಕವಚ ತೆಗೆದಿಟ್ಟು ಹೇಳಿದರು, "ಅಜ್ಜಿ ಆ ಕಡೆ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ಮಷೀನು ಹಚ್ತಿರಲಿಲ್ಲ."

ಅಜ್ಜಿಯನ್ನು ಅಂದು ಮನೆಗೆ ತಂದು ಬಿಟ್ಟವರು ಯಾರು ಗೊತ್ತಾ? ಬೇಕರಿಯವರು. ತಮ್ಮ ಬ್ರೆಡ್ಡಿನ ವ್ಯಾನಿನಲ್ಲಿ, ಊರೆಲ್ಲ ಸುತ್ತಿ. ವ್ಯಾನು ತನ್ನ ಅಂಗಡಿಯ ಮುಂದೆಯೇ ಹಾದುಹೋದದ್ದನ್ನು ವೆಲ್ಡರ್ ನೋಡಿದ್ದಾರೆ. ಕೈ ಎತ್ತಬೇಕು ಅಂದುಕೊಂಡರಂತೆ. ಎತ್ತಲಿಲ್ಲ.

ಏನು ಮಾಡಿದರೆ ನಿಮಗೆ ಒಪ್ಪಿಗೆ ಎಂದು ಕೇಳಿದೆ. "ಗೇಟು ಇರಲಿ. ಎರಡು ಕಡೆ ಚಿಲಕ ಇರಲಿ. ಯಾರಿಗೆ ಹೆದರಿಕೆಯಾದ್ರೂ ಅವರ ಕಡೆಯಿಂದ ಹಾಕ್ಕೊಳ್ಳಬಹುದು. ಇಬ್ಬರೂ ತೆಗೆದ್ರೆ ಮಾತ್ರ ತೆಗೆಯುತ್ತೆ. ನಾನೇ ಮಾಡ್ತೀನಿ" ಅಂದರು.

ಅಪ್ಪಾ, ನಿಮಗೊಂದು ಪ್ರಶ್ನೆ. ಉತ್ತರ ಕೊಡಲೇಬೇಕು, ಫ್ಯಾನಿನ ಎಣ್ಣೆಯ ವಿಚಾರ ಬೇಡ. ಚಿಕ್ಕಪ್ಪ ಅಂಗಡಿ ಬಿಟ್ಟು ಹೋಗುವ ಮೊದಲು, ಬೋರ್ಡಿನಲ್ಲಿ ತಮ್ಮ ಹೆಸರೂ ಬರೆಸಲಾ ಎಂದು ಕೇಳಿದಾಗ ನೀವು ಏನಂದಿರಿ?

ಮಾತಿನಮಲ್ಲಿ


ಮೇ 22

ಮಾತಿನಮಲ್ಲೀ,

ಏನೂ ಅನ್ನಲಿಲ್ಲ. ಕನ್ನಡಿ ಒರೆಸುತ್ತಿದ್ದೆ.

ಅಪ್ಪ

(ಅಮ್ಮ ಪೋಸ್ಟ್‌ಮ್ಯಾನ್ ಕೈಯಲ್ಲಿ ಬರೆಸಿದ್ದು: ಪತ್ರ ಬಂದಾಗಿನಿಂದ ನಿಮ್ಮಪ್ಪ ಗಿರಾಕಿಗಳ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಇಬ್ಬರಿಗೆ ಮೀಸೆ ಒಂದು ಕಡೆ ಚಿಕ್ಕದಾಗಿದೆ. ನೀನು ಏನು ಬರೆದೆಯೋ, ಒಳ್ಳೆಯದೇ ಮಾಡಿದೆ.)


ಜುಲೈ 18

ಅಪ್ಪಾ, ಅಮ್ಮಾ,

ಗೇಟು ತೆರೆದಿದೆ. ಈ ಸಲ ನಿಜವಾಗಿ ತೆರೆದಿದೆ. ಅದಕ್ಕೇ ಕೂಡಲೇ ಬರೆಯಲಿಲ್ಲ, ಸ್ವಲ್ಪ ದಿನ ಕಾದು ನೋಡಿ ಬರೆಯುತ್ತಿದ್ದೇನೆ.

ಎರಡು ಚಿಲಕದ ವಿಚಾರಕ್ಕೆ ಬೀದಿಯವರಿಗಿಂತ ನಮ್ಮ ಸ್ನೇಹಿತರೇ ಕಷ್ಟಪಟ್ಟರು. ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ, ತುಂಬ ಒಳ್ಳೆಯವರು. "ಚಿಲಕ ಹಾಕಿಕೊಂಡ ಶಾಂತಿ ಎಂಥ ಶಾಂತಿ? ನಾವೇ ಅಪನಂಬಿಕೆಗೆ ಕಬ್ಬಿಣ ಕೊಡಿಸೋದಾ?" ಎಂದರು. ಮತ ಹಾಕುವ ಹಾಗಿದ್ದರೆ ಅವರೊಬ್ಬರೇ ಸೋತು ನಮ್ಮ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನಮ್ಮಲ್ಲಿ ಹಾಗಿಲ್ಲ. ಕೂತೆವು, ಎದ್ದೆವು, ಮುಂದಿನ ವಾರ ಮತ್ತೆ ಕೂತೆವು. ಜೂನ್ ಓಡುತ್ತಿತ್ತು, ನನಗೆ ಒಳಗೊಳಗೇ ಕುದಿಯುತ್ತಿತ್ತು. ಕೊನೆಗೆ ಒಂದು ದಿನ ನಾನೇ ಎದ್ದು ನಿಂತೆ. ಆ ಕೋಣೆಯಲ್ಲಿ ನಾನು ಬಾಯಿ ಬಿಟ್ಟದ್ದು ಅದೇ ಮೊದಲು. ಅಂದು ಸಭಾಂಗಣದಲ್ಲಿ ಅವರಿಗೆ ಬೇಡ ಅನ್ನಲು ಜಾಗವಿರಲಿಲ್ಲ, ಈ ಚಿಲಕವೇ ಅವರ ಬೇಡ, ಅದು ಕೈಗೆ ಸಿಕ್ಕಿದರೆ ಮಾತ್ರ ಬೇಕು ಅನ್ನಲು ಧೈರ್ಯ ಬರುತ್ತದೆ ಎಂದೆ. ಮೇಷ್ಟ್ರು ಎದ್ದರು. "ನನಗೆ ಇನ್ನೂ ಸಮಾಧಾನ ಇಲ್ಲ. ಆದ್ರೆ ಅಡ್ಡ ನಿಲ್ಲೋದಿಲ್ಲ. ಹಾಗಂತಲೇ ಬರೆದುಕೊಳ್ಳಿ" ಎಂದರು. ಕ್ಲರ್ಕಮ್ಮ ಹಾಗಂತಲೇ ಬರೆದರು.

ಆಮೇಲೆ ಎರಡು ಬೀದಿಯವರನ್ನು ಮತ್ತೆ ಸಭೆಗೆ ಕರೆದೆವು. ಈ ಸಲ ಮೌನವಿಲ್ಲ. ಕ್ಲರ್ಕಮ್ಮ ಎದ್ದು, "ಯಾರಿಗೆ ಇದು ಬೇಡ, ಯಾಕೆ ಬೇಡ, ಅದನ್ನ ಮೊದಲು ಹೇಳಿ" ಎಂದು ಕೂತುಬಿಟ್ಟರು. ಸಂತೆ ಆಯಿತು ಅಪ್ಪಾ. ಎಲ್ಲರೂ ಒಟ್ಟಿಗೆ ಕೂಗಾಡಿದರು. ಹೊಗೆಯ ಮಾತು, ಕಲ್ಲಿನ ಮಾತು, ಮೂರು ವರ್ಷದಿಂದ ಕಟ್ಟಿಟ್ಟದ್ದೆಲ್ಲ ಹೊರಬಂತು. ನನಗೆ ಹೆದರಿಕೆಯಾಯಿತು, ಆದರೂ ಯಾರೂ ಎದ್ದು ಹೋಗಲಿಲ್ಲ. ವೆಲ್ಡರ್ ತಮ್ಮ ಚಿಲಕದ ಮಾತು ಹೇಳಿದಾಗ ಬೇಕರಿಯವರು, "ನನ್ನ ಕಡೇದು ನಿನ್ನ ಕಡೇದಕ್ಕಿಂತ ಒಂದು ಬೆರಳು ಉದ್ದ ಇರಬೇಕು" ಎಂದರು. ಯಾರೋ ನಕ್ಕರು. ಅಂದು ನಾನು ಮಾಡಿದ ತಮಾಷೆಗಿಂತ ಅದು ಚೆನ್ನಾಗಿರಲಿಲ್ಲ, ಆದರೂ ಸಭೆಯೆಲ್ಲ ನಕ್ಕಿತು.

ಜೂನ್ ಕೊನೆಯ ವಾರದಲ್ಲಿ ಕೆಲಸವಾಯಿತು. ತಾವು ಹಾಕಿದ ಬೆಸುಗೆಯನ್ನು ವೆಲ್ಡರ್ ತಾವೇ ಕತ್ತರಿಸಿದರು. ಕೆಳಗಿನ ಕಡೆಯದನ್ನು ಮುಗಿಸಿದ ಮೇಲೆ ವೆಲ್ಡರ್ ಮೇಲಿನ ಬೀದಿಯ ಕಡೆ ಬರಬೇಕಾಯಿತು. ಚಿಲಕ ಆ ಕಡೆಯಿಂದಲೇ ಕೂರಿಸಬೇಕಲ್ಲ. ಗೇಟಿನ ಹೊಸಿಲು ದಾಟುವಾಗ ಒಂದು ಕ್ಷಣ ನಿಂತರು. ಮಷೀನಿನ ತಂತಿ ಅಲ್ಲಿಗೆ ಎಟುಕಲಿಲ್ಲ. ಎಲ್ಲರೂ ಅತ್ತ ಇತ್ತ ನೋಡಿದರು. ಬೇಕರಿಯವರು ಒಳಗಿನಿಂದ ತಂತಿ ಎಳೆದು ತಂದು ತಮ್ಮ ಪ್ಲಗ್ಗಿಗೇ ಹಾಕಿದರು. "ಮೀಟರ್ ಓಡ್ತಿದೆ, ಬೇಗ ಮುಗಿಸು." ವೆಲ್ಡರ್ ಕಿಡಿ ಹಾರಿಸುತ್ತಲೇ ಕೇಳಿದರು, "ಒಲೆ ಬಾಗಿಲು ಹೊಸದಾಗಿ ಮಾಡಿಸಿದ್ದೀಯಂತೆ, ಯಾರು ಮಾಡಿದ್ದು? ದೂರದಿಂದಲೇ ಸೊಟ್ಟ ಕಾಣ್ತಿದೆ." ಮುಗಿಯುವವರೆಗೂ ಅಷ್ಟೇ ಮಾತು. ಸಂಜೆ ವೆಲ್ಡರ್ ಒಲೆಯ ಬಾಗಿಲ ಅಳತೆ ತೆಗೆದುಕೊಂಡು ಹೋದರು.

ಈ ನಡುವೆ ಒಂದು ಸಂಜೆ ಚೆಂಡಾಟದ ವಿಚಾರಕ್ಕೆ ಹುಡುಗರಲ್ಲಿ ಕೂಗಾಟವಾಗಿ ಕೆಳಗಿನವರು ಚಿಲಕ ಹಾಕಿಕೊಂಡರು, ಅದನ್ನು ನೋಡಿ ಮೇಲಿನವರೂ ಹಾಕಿಕೊಂಡರು. ಬೆಳಿಗ್ಗೆ ಓಡಿ ಹೋಗಿ ನೋಡುತ್ತೇನೆ, ಇಸ್ತ್ರಿ ಅಕ್ಕ ತಮ್ಮ ಕಡೆಯದನ್ನು ತೆಗೆದು, "ಆ ಕಡೇದೂ ತೆಗೀರಪ್ಪ, ಅತ್ತೆಗೆ ಹೊತ್ತಾಯ್ತು" ಎಂದು ಕೂಗುತ್ತಿದ್ದರು. ತೆಗೆದರು. ಅಜ್ಜಿ ದಾಟಿದರು. ಹುಣ್ಣು ಒಣಗುತ್ತಾ ಬಂದಿದೆ.

ಸಮಿತಿಯವರು ಇನ್ನೊಂದು ವರ್ಷಕ್ಕೆ ಹಣ ಕೊಟ್ಟಿದ್ದಾರೆ. ಅವರಿಗೆ ಇಷ್ಟವಾದದ್ದು ಗೇಟಿನ ವರದಿಯಲ್ಲವಂತೆ, ನಮ್ಮ ತಪ್ಪಿನ ಎರಡು ಸಾಲಂತೆ. ಈ ಸಲ ವರದಿಯಲ್ಲಿ 'ಒಮ್ಮತ' ಎಂದು ಬರೆದಿಲ್ಲ. ಯಾರ್ಯಾರಿಗೆ ಏನೇನು ಸರಿಬಂದಿಲ್ಲ ಅನ್ನುವುದನ್ನೆಲ್ಲ ಬರೆದೆ, ಆರು ಪುಟವಾಯಿತು.

ಕನ್ನಡಿ ಒರೆಸುತ್ತಿದ್ದೆ ಎಂದು ನೀವು ಬರೆದ ಸಾಲನ್ನು ಬಹಳ ಸಲ ಓದಿದೆ ಅಪ್ಪಾ. ಅದಕ್ಕಿಂತ ಹೆಚ್ಚು ಕೇಳುವುದಿಲ್ಲ.

ನಿಮ್ಮ
ಮಾತಿನಮಲ್ಲಿ


ಆಗಸ್ಟ್ 9

ಮಾತಿನಮಲ್ಲೀ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಲಿಲ್ಲ. ಮಡಚಿ ಜೇಬಿನಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಸಲೂನಿಗೆ ಹೋದೆ.

ನಿಮ್ಮ ಚಿಕ್ಕಪ್ಪ ಯಾರದೋ ಗಡ್ಡ ಮಾಡುತ್ತಿದ್ದ. ಕನ್ನಡಿಯಲ್ಲಿ ನನ್ನನ್ನು ನೋಡಿದ, ತಿರುಗಲಿಲ್ಲ. ಬೆಂಚಿನ ಮೇಲೆ ಗಿರಾಕಿಗಳ ಜೊತೆ ಕೂತೆ. ನಿನ್ನ ಸ್ನೇಹಿತರು ಕೂರುವ ಹಾಗೆಯೇ ಸುಮ್ಮನೆ ಕೂತಿದ್ದೆ, ನನ್ನ ಒಳಗಿನಿಂದ ಏನೂ ಬರಲಿಲ್ಲ. ನನ್ನ ಸರದಿ ಬಂತು. ಟೋಪಿ ತೆಗೆಯದೇ ನಿಂತುಕೊಂಡೇ ಹೇಳಿದೆ, "ಬೋರ್ಡ್ ವಿಚಾರ ನೀನು ಕೇಳಿದಾಗ ನನಗೆ ಇಷ್ಟ ಇರಲಿಲ್ಲ ಕಣೋ. ಅದನ್ನ ಅವತ್ತೇ ಹೇಳಬೇಕಿತ್ತು." ಸಲೂನಿನಲ್ಲಿದ್ದವರೆಲ್ಲ ಬಾಯಿ ಬಿಟ್ಟು ನೋಡಿದರು. ಅವನು ಕತ್ತಿ ಕೆಳಗಿಟ್ಟು, "ನನಗೆ ಗೊತ್ತಿತ್ತು. ಆದ್ರೂ ನಿನ್ನ ಬಾಯಲ್ಲಿ ಕೇಳಬೇಕಿತ್ತು" ಅಂದ. ಆಮೇಲೆ ನನ್ನನ್ನು ಬಯ್ಯಲು ಶುರುಮಾಡಿದ. ಅಲ್ಲೇ, ಎಲ್ಲರ ಮುಂದೆ. ಅವನು ಹೇಳಿದ್ದನ್ನು ನಿನ್ನ ಶಾಲೆಯ ಮಕ್ಕಳ ಹಾಗೆ ತಿರುಗಿ ಹೇಳಲು ಹೋದೆ. ಅದಕ್ಕೂ ಬಯ್ದ. ಅಲ್ಲಿಂದ ಮನೆಗೆ ಬಂದೆ. ಕೆಲಸ ಕೆಟ್ಟಿತು ಅಂದುಕೊಂಡೆ. ನಿಮ್ಮಮ್ಮ ಮಾತ್ರ ಎರಡನೇ ಕುರ್ಚಿಯ ಮೇಲಿನ ಪತ್ರಿಕೆಗಳನ್ನೆಲ್ಲ ತೆಗೆದು ಒರೆಸಿಟ್ಟಳು. ಯಾಕೆ ಎಂದರೆ ಧೂಳು ಅಂದಳು.

ಮೊನ್ನೆ ಭಾನುವಾರ, ತಿಂಗಳ ಮೊದಲನೇ ಭಾನುವಾರ, ಬೆಳಿಗ್ಗೆ ಬಾಗಿಲು ತೆರೆದರೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ತನ್ನದೇ ಕತ್ತರಿ, ಬಾಚಣಿಗೆ. ನನ್ನ ಟೋಪಿ ತೆಗೆದು ತಲೆ ನೋಡಿ, "ಯಾರು ಮಾಡಿದ್ದು ಇದು?" ಅಂದ. ನಿಮ್ಮಮ್ಮ ಒಳಗಿನಿಂದ ಕೇಳಿಸಿಕೊಂಡಳು, ಹೊರಗೆ ಬರಲಿಲ್ಲ. ಮೊದಲು ಅವನದ್ದನ್ನು ನಾನು ಮಾಡಿದೆ. ಆಮೇಲೆ ನನ್ನದನ್ನು ಅವನು ಮಾಡಿದ. ಬೋರ್ಡಿನ ಮಾತು ಇನ್ನೂ ತೀರ್ಮಾನವಾಗಿಲ್ಲ. ನನಗೆ ಒಂದು ಮನಸ್ಸು, ಅವನಿಗೆ ಇನ್ನೊಂದು. ಆದರೆ ಅದನ್ನೇ ಜೋರಾಗಿ ಮಾತಾಡುತ್ತಾ ಕೂದಲು ಕತ್ತರಿಸಿದೆವು. ನೀನು ಇದ್ದಿದ್ದರೆ ನೆಲದ ಮೇಲೆ ಬೇರೆ ಮಾಡಲು ಕೆಲಸವೇ ಇರಲಿಲ್ಲ. ಇಬ್ಬರದೂ ಬೆಳ್ಳಗಾಗಿದೆ.

ಕೊನೆಯಲ್ಲಿ ಅವನು ನನ್ನ ಹಿಂದೆ ಕನ್ನಡಿ ಹಿಡಿದು, "ಹೇಗಿದೆ?" ಅಂದ. ನಾನು ತಲೆಯಾಡಿಸಲು ಹೋದವನು ತಡೆದುಕೊಂಡೆ. "ಎಡಗಡೆ ಸ್ವಲ್ಪ ಜಾಸ್ತಿ ಉಳಿದಿದೆ" ಅಂದೆ.

"ಗೊತ್ತು," ಅಂದ. "ಬೇಕೂಂತಲೇ ಬಿಟ್ಟಿದ್ದೀನಿ. ಮುಂದಿನ ತಿಂಗಳು ಬರೋಕೆ ನನಗೊಂದು ಕೆಲಸ ಬೇಡ್ವಾ?"

ಟೋಪಿಯನ್ನು ಮೊಳೆಗೆ ನೇತುಹಾಕಿದ್ದೇನೆ. ಎಡಗಡೆ ಹಾಗೇ ಇದೆ. ಗಿರಾಕಿಗಳು ನೋಡಿ ನಗುತ್ತಾರೆ, ನಗಲಿ.

ನಿನ್ನ
ಅಪ್ಪ